ಮಳಿಗೆ, ಬಾಡಿಗೆ, ಬಂಡವಾಳ: ಓದುಗರ ಪ್ರಶ್ನೆಗಳಿಗೆ ಉತ್ತರ

ವಾಣಿಜ್ಯ ಮಳಿಗೆ, ಕಚೇರಿ ಜಾಗ ಮತ್ತು ಅವುಗಳಿಂದ ಬರುವ ಬಾಡಿಗೆಯ ಬಗ್ಗೆ ಬಂದ ಪತ್ರಗಳು ಬಹಳವಾಗಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನೂ ನನ್ನ ಪತಿಯೂ ಕಾಲೇಜು ಅಧ್ಯಾಪಕರಾಗಿದ್ದು ಈಗ ನಿವೃತ್ತರಾಗಿದ್ದೇವೆ. ಕೈಯಲ್ಲಿ ಸುಮಾರು 85 ಲಕ್ಷ ರೂಪಾಯಿ ಇದೆ. ಬೆಂಗಳೂರಿನ ಹೊರವಲಯದಲ್ಲಿ ಕಟ್ಟುತ್ತಿರುವ ಮಾಲ್‌ನಲ್ಲಿ 400 ಚದರ ಅಡಿಯ ಮಳಿಗೆಯನ್ನು 70 ಲಕ್ಷಕ್ಕೆ ಕೊಡುತ್ತೇವೆ, ಪೂರ್ತಿ ಹಣ ಈಗಲೇ ಕಟ್ಟಿದರೆ ಕಟ್ಟಡ ಮುಗಿಯುವ ತನಕ ವರ್ಷಕ್ಕೆ ಶೇ 9ರ ಖಚಿತ ಆದಾಯ ಕೊಡುತ್ತೇವೆ ಎಂದು ನಿರ್ಮಾಣ ಸಂಸ್ಥೆಯವರು ಹೇಳುತ್ತಿದ್ದಾರೆ. ನಮ್ಮೂರಿನ ದುರ್ಗಿಗುಡಿಯಲ್ಲಿಯೂ ಬಾಡಿಗೆದಾರರಿರುವ ಅಂಗಡಿಯೊಂದು ಅದೇ ಬೆಲೆಗೆ ಮಾರಾಟಕ್ಕಿದೆ, ತಿಂಗಳ ಬಾಡಿಗೆ 32 ಸಾವಿರ. ಯಾವುದನ್ನು ಕೊಳ್ಳುವುದು ಲೇಸು? – ಶಿವಮೊಗ್ಗ

ಉತ್ತರ: ಮೊದಲು ಮಾಲ್‌ನ ಮಳಿಗೆಯನ್ನು ತೆಗೆದುಕೊಳ್ಳೋಣ. ವರ್ಷಕ್ಕೆ ಶೇ 9 ಎಂದರೆ 6.30 ಲಕ್ಷ, ತಿಂಗಳಿಗೆ 52,500 ರೂಪಾಯಿ. ಇನ್ನೂ ಗೋಡೆ ಏಳದ, ಬಾಡಿಗೆದಾರನೇ ಇಲ್ಲದ ಮಳಿಗೆಯಿಂದ ಈ ಹಣ ಎಲ್ಲಿಂದ ಬರುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅದೇ ರಸ್ತೆಯಲ್ಲಿ ಕಟ್ಟಿ ಮುಗಿದಿರುವ, ಇದೇ ಅಳತೆಯ ಮಳಿಗೆಗಳು ಏನು ಬೆಲೆಗೆ ಮಾರಾಟವಾಗುತ್ತಿವೆ ಎಂದು ವಿಚಾರಿಸಿ. ಉದಾಹರಣೆಗೆ, ಅಲ್ಲಿ ಚದರ ಅಡಿಗೆ 13,000 ರೂಪಾಯಿ ಇದೆ ಎಂದುಕೊಳ್ಳಿ. ಆಗ 400 ಚದರ ಅಡಿಗೆ 52 ಲಕ್ಷವಾಗುತ್ತದೆ. ನಿಮ್ಮಿಂದ ಕೇಳುತ್ತಿರುವುದು ಅದಕ್ಕಿಂತ 18 ಲಕ್ಷ ಹೆಚ್ಚು. ಮುಂದಿನ ಮೂರು ವರ್ಷ ಅವರು ಕೊಡುವುದಾಗಿ ಹೇಳುವ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನಿಮ್ಮ ಹಣದ ಒಂದು ಪಾಲನ್ನು ಕಂತುಕಂತಾಗಿ ನಿಮಗೇ ಮರಳಿಸಿ ಅದಕ್ಕೆ ಆದಾಯವೆಂದು ಹೆಸರಿಟ್ಟಂತಾಗುತ್ತದೆ. ಎಲ್ಲ ಯೋಜನೆಗಳೂ ಹೀಗೆಯೇ ಎಂದು ಹೇಳಲಾಗದು. ಆದರೆ ಪಕ್ಕದ ಸಿದ್ಧ ಮಳಿಗೆಯ ಬೆಲೆಯನ್ನು ತಿಳಿಯದೆ ಈ ಲೆಕ್ಕಕ್ಕೆ ಉತ್ತರ ಸಿಗುವುದಿಲ್ಲ.

ಎರಡನೆಯದು, ಆ ಶೇ 9ರ ಮಾತನ್ನು ಯಾವ ಕಾಗದದಲ್ಲಿ ಬರೆದುಕೊಡುತ್ತಾರೆ ಎಂಬುದು. ಸಾಮಾನ್ಯವಾಗಿ ಅದು ನೋಂದಾಯಿತ ಮಾರಾಟ ಕರಾರಿನೊಳಗೆ ಇರುವುದಿಲ್ಲ. ಬೇರೆಯದೇ ಒಂದು ಒಡಂಬಡಿಕೆ ಪತ್ರದಲ್ಲಿ ಇರುತ್ತದೆ. ಕಂಪನಿ ಪಾವತಿ ನಿಲ್ಲಿಸಿದ ದಿನ ಆ ಪತ್ರವನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕೆಂಬುದೇ ಮೊದಲ ವ್ಯಾಜ್ಯವಾಗುತ್ತದೆ. ಇಂಥ ಖಚಿತ ಆದಾಯದ ಯೋಜನೆಗಳು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಯೇ ಎಂಬ ವಿವಾದ ಹೈಕೋರ್ಟ್‌ಗಳ ಮೆಟ್ಟಿಲನ್ನೂ ಏರಿದೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ವಾಣಿಜ್ಯ ಕಟ್ಟಡಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಅದರ ಪ್ರಕಾರ ಮಾರಾಟ ಕರಾರನ್ನು ನೋಂದಾಯಿಸುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣವನ್ನು ನಿರ್ಮಾಣ ಸಂಸ್ಥೆ ಪಡೆಯುವಂತಿಲ್ಲ, ಮತ್ತು ಖರೀದಿದಾರರಿಂದ ಬಂದ ಹಣದ ಶೇ 70ನ್ನು ಆ ಯೋಜನೆಯ ನಿರ್ಮಾಣಕ್ಕೂ ಜಮೀನಿನ ವೆಚ್ಚಕ್ಕೂ ಮಾತ್ರ ಬಳಸಬಹುದಾದ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಮೊದಲೇ 70 ಲಕ್ಷ ಪೂರ್ತಿ ಕಟ್ಟಿ ಎನ್ನುವವರು ನೋಂದಾಯಿತ ಕರಾರಿನ ಮಾತನ್ನು ಯಾವಾಗ ಎತ್ತುತ್ತಾರೆ ಎಂಬುದನ್ನು ಗಮನಿಸಿ.

ಮೂರನೆಯದು ಅಳತೆ. 400 ಚದರ ಅಡಿ ಎಂದು ಅವರು ಹೇಳುತ್ತಿರುವುದು ಸೂಪರ್ ಬಿಲ್ಟಪ್ ಅಳತೆಯೇ ಆಗಿದ್ದರೆ, ಅದರಲ್ಲಿ ಓಣಿ, ಲಿಫ್ಟು, ಮೆಟ್ಟಿಲು, ಶೌಚಾಲಯಗಳ ಪಾಲೂ ಸೇರಿರುತ್ತದೆ. ಮಾಲ್‌ಗಳಲ್ಲಿ ಒಳಗಿನ ಕಾರ್ಪೆಟ್ ಏರಿಯಾ ಅದರ ಅರ್ಧದಷ್ಟೇ ಇರುವುದು ಅಪರೂಪವೇನಲ್ಲ. ಹಾಗಾದರೆ ನಿಮಗೆ ಸಿಗುವುದು 200 ಚದರ ಅಡಿಯ ಜಾಗ, ಅಂದರೆ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಒಂದು ಕೋಣೆ. ಕಟ್ಟಡ ಮುಗಿದ ಮೇಲೂ ನಿಮಗೆ ತಿಂಗಳಿಗೆ 52,500 ಬರಬೇಕಾದರೆ ಆ ಕೋಣೆಯಲ್ಲಿ ಯಾರಾದರೂ ವ್ಯಾಪಾರ ಮಾಡಿ ಅಷ್ಟನ್ನು ದುಡಿದುಕೊಡಬೇಕು. ಚಿಲ್ಲರೆ ವ್ಯಾಪಾರದಲ್ಲಿ ಬಾಡಿಗೆ ವಹಿವಾಟಿನ ಶೇ 10ರಿಂದ 15ನ್ನು ಮೀರಿದರೆ ಅಂಗಡಿ ಬಹುಕಾಲ ಬಾಳುವುದಿಲ್ಲ ಎಂಬುದು ವ್ಯಾಪಾರಸ್ಥರ ರೂಢಿಯ ಲೆಕ್ಕ. ಶೇ 15ನ್ನೇ ಹಿಡಿದರೂ ಬಾಡಿಗೆದಾರ ತಿಂಗಳಿಗೆ ಮೂರೂವರೆ ಲಕ್ಷ, ದಿನಕ್ಕೆ ಸುಮಾರು 11,700 ರೂಪಾಯಿಯ ವ್ಯಾಪಾರ ಮಾಡಬೇಕು. ಮಾಲ್‌ನ ನಿರ್ವಹಣಾ ಶುಲ್ಕ ಇದರ ಮೇಲಿನದು. ಮೂರನೇ ಮಹಡಿಯ ಮೂಲೆಯ ಮಳಿಗೆಯಲ್ಲಿ, ಮಂಗಳವಾರ ಮಧ್ಯಾಹ್ನ, ಒಬ್ಬ ಜ್ಯೂಸ್ ಅಂಗಡಿಯವನೋ ಮೊಬೈಲ್ ಕವರ್ ಮಾರುವವನೋ ಅಷ್ಟು ವ್ಯಾಪಾರ ಮಾಡಬಲ್ಲನೇ ಎಂದು ಯೋಚಿಸಿ. ಸುತ್ತಮುತ್ತ ಈಗಾಗಲೇ ತೆರೆದಿರುವ ಮಾಲ್ ಇದ್ದರೆ ವಾರದ ನಡುವಿನ ದಿನ ಅಲ್ಲಿಗೆ ಹೋಗಿ, ಮೇಲಿನ ಮಹಡಿಗಳಲ್ಲಿ ಎಷ್ಟು ಷಟರ್‌ಗಳು ಇಳಿದಿವೆ ಎಂದು ಎಣಿಸಿಕೊಂಡು ಬನ್ನಿ. ಮಾರಾಟಗಾರರು ಕೊಡುವ ಬಣ್ಣದ ಪುಸ್ತಿಕೆಗಿಂತ ಆ ಎಣಿಕೆ ಹೆಚ್ಚು ನಂಬಿಕೆಗೆ ಯೋಗ್ಯ.

ಇನ್ನು ತೆರಿಗೆ. ನಿರ್ಮಾಣ ಹಂತದ ವಾಣಿಜ್ಯ ಮಳಿಗೆಗೆ ಜಮೀನಿನ ಮೌಲ್ಯವೆಂದು ಮೂರನೇ ಒಂದು ಭಾಗವನ್ನು ಕಳೆದು ಉಳಿದುದಕ್ಕೆ ಶೇ 18ರಂತೆ, ಒಟ್ಟು ಬೆಲೆಯ ಮೇಲೆ ಶೇ 12ರಷ್ಟು ಜಿಎಸ್‌ಟಿ ಬೀಳುತ್ತದೆ. ನಿಮ್ಮ ಲೆಕ್ಕದಲ್ಲಿ ಅದು 8.40 ಲಕ್ಷ. ಕರ್ನಾಟಕದಲ್ಲಿ ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿಸಿರುವುದರಿಂದ, ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಎಲ್ಲ ಸೇರಿ ಶೇ 7.6 ಆಗುತ್ತದೆ, ಅದು 5.32 ಲಕ್ಷ. ಹೀಗೆ 70 ಲಕ್ಷದ ಮಳಿಗೆ ನಿಮ್ಮ ಕೈಗೆ ಬರುವಾಗ 83.72 ಲಕ್ಷವಾಗಿರುತ್ತದೆ. ನಿಮ್ಮ ಬಳಿ ಇರುವುದೇ 85 ಲಕ್ಷ. ಈ ಒಂದು ಕಾರಣಕ್ಕೇ ನಾನು ಮಾಲ್‌ನ ಮಳಿಗೆ ಬೇಡವೆನ್ನುತ್ತೇನೆ.

ದುರ್ಗಿಗುಡಿಯ ಅಂಗಡಿ ಕಟ್ಟಿ ಮುಗಿದದ್ದಾದ್ದರಿಂದ ಅದಕ್ಕೆ ಜಿಎಸ್‌ಟಿ ಇಲ್ಲ. ನೋಂದಣಿ ಸೇರಿ 75.32 ಲಕ್ಷವಾದೀತು. ವರ್ಷದ ಬಾಡಿಗೆ 3.84 ಲಕ್ಷ. ಇದರಲ್ಲಿ ಸರಾಸರಿ ವರ್ಷಕ್ಕೊಂದು ತಿಂಗಳು ಖಾಲಿ ಬೀಳಬಹುದೆಂದು 32,000 ಕಳೆಯಿರಿ. ಆಸ್ತಿ ತೆರಿಗೆ, ಸುಣ್ಣಬಣ್ಣ, ದುರಸ್ತಿಗೆಂದು 24,000 ಕಳೆಯಿರಿ. ಉಳಿಯುವುದು 3.28 ಲಕ್ಷ, ಹಾಕಿದ ಹಣದ ಮೇಲೆ ಶೇ 4.35. ಬಾಡಿಗೆ ಮುಂದೆ ಏರುತ್ತದೆ, ಆಸ್ತಿಯ ಬೆಲೆಯೂ ಏರಬಹುದು, ನಿಜ. ಆದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಶೇ 8.2ರ ಬಡ್ಡಿ ಸಿಗುತ್ತಾ ಬಂದಿದೆ. ಒಬ್ಬರು 30 ಲಕ್ಷದವರೆಗೆ ಇಡಬಹುದು, ಹಾಗೆ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ನೀವು ದಂಪತಿ ಇಬ್ಬರೂ ಪ್ರತ್ಯೇಕವಾಗಿ ಖಾತೆ ತೆರೆಯಬಹುದು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಬಾಡಿಗೆದಾರನ ನೀರಿನ ನಲ್ಲಿ, ಬಾಗಿಲ ಬೀಗಗಳ ತಕರಾರನ್ನು ಕೇಳುವ ವ್ಯವಧಾನ ನಿಮಗಿದೆಯೇ ಎಂಬುದೂ ಲೆಕ್ಕಕ್ಕೆ ಬರಬೇಕಾದ ಸಂಗತಿ. ಆಸ್ತಿಯೇ ಬೇಕೆಂದಾದರೆ ಇದಕ್ಕಿಂತ ಸಣ್ಣ ಅಂಗಡಿಯನ್ನು ನೋಡಿ, ಕನಿಷ್ಠ ಅರ್ಧ ಹಣವಾದರೂ ಬ್ಯಾಂಕು, ಅಂಚೆ ಕಚೇರಿಯಲ್ಲಿ ಇರಲಿ.

ಅದೇ ಅಂಗಡಿಯನ್ನು ಕೊಳ್ಳುವುದಾದರೆ ಒಂದು ಸೂಕ್ಷ್ಮವನ್ನು ಮರೆಯಬೇಡಿ. ಈಗಿನ ಬಾಡಿಗೆದಾರರು ಕೊಟ್ಟಿರುವ ಅಡ್ವಾನ್ಸ್ ಹಣ ಮಾರುವವರ ಬಳಿ ಇರುತ್ತದೆ. ನಾಳೆ ಅವರು ಖಾಲಿ ಮಾಡುವಾಗ ಅದನ್ನು ಕೇಳುವುದು ನಿಮ್ಮನ್ನು. ಆದ್ದರಿಂದ ಆ ಮೊತ್ತವನ್ನು ಬೆಲೆಯಲ್ಲಿ ಕಳೆದು, ಹಾಗೆ ಕಳೆದುದನ್ನು ಕ್ರಯಪತ್ರದಲ್ಲಿಯೇ ಬರೆಸಿ. ಬಾಡಿಗೆದಾರರನ್ನು ನೇರವಾಗಿ ಕಂಡು ಎಷ್ಟು ವರ್ಷದಿಂದ ಇದ್ದಾರೆ, ಎಷ್ಟು ಕೊಡುತ್ತಿದ್ದಾರೆ, ಮುಂದುವರಿಯುವ ಮನಸ್ಸಿದೆಯೇ ಎಂದು ವಿಚಾರಿಸಿ. ಮಾರುವವರು ಹೇಳಿದ 32 ಸಾವಿರವೂ ಅಂಗಡಿಯವರು ಹೇಳುವ ಮೊತ್ತವೂ ಬೇರೆಬೇರೆಯಾಗಿರುವ ಸಂದರ್ಭಗಳಿವೆ.

ಪ್ರಶ್ನೆ: ಗೋಕುಲ ರಸ್ತೆಯಲ್ಲಿರುವ ನನ್ನ ಕಟ್ಟಡದ ಒಂದು ಮಹಡಿಯನ್ನು ಖಾಸಗಿ ಕಂಪನಿಗೆ ತಿಂಗಳಿಗೆ 60 ಸಾವಿರಕ್ಕೆ ಬಾಡಿಗೆ ಕೊಟ್ಟಿದ್ದೇನೆ. ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಬೇರೆ ವ್ಯಾಪಾರವೂ ಇಲ್ಲ. ಕಂಪನಿಯವರು ನಿಮ್ಮ ಪರವಾಗಿ ಜಿಎಸ್‌ಟಿ ಕಟ್ಟಬೇಕು ಎಂದು ಹೇಳಿ ಬಾಡಿಗೆಯಲ್ಲಿ ಕಡಿತ ಮಾಡುತ್ತೇವೆ ಎನ್ನುತ್ತಾರೆ. ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಬೇರೆ ಹಿಡಿಯುತ್ತಿದ್ದಾರೆ. ಇದು ಸರಿಯೇ? – ಹುಬ್ಬಳ್ಳಿ

ಉತ್ತರ: ಟಿಡಿಎಸ್ ಹಿಡಿಯುವುದು ಸರಿ, ಜಿಎಸ್‌ಟಿ ಕಡಿತ ಸರಿಯಲ್ಲ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಮಾಲೀಕರಿಂದ ನೋಂದಾಯಿತ ಸಂಸ್ಥೆಯೊಂದು ವಾಣಿಜ್ಯ ಜಾಗವನ್ನು ಬಾಡಿಗೆಗೆ ಪಡೆದರೆ ಶೇ 18ರ ಜಿಎಸ್‌ಟಿ ಕಟ್ಟುವ ಹೊಣೆ ಬಾಡಿಗೆದಾರರದೇ ಆಗಿದೆ. ಇದಕ್ಕೆ ರಿವರ್ಸ್ ಚಾರ್ಜ್ ಎಂದು ಕರೆಯುತ್ತಾರೆ. ಕಟ್ಟಬೇಕಾದ 10,800 ರೂಪಾಯಿಯನ್ನು ಅವರು ನಿಮ್ಮ 60 ಸಾವಿರದ ಮೇಲೆ ತಮ್ಮ ಕೈಯಿಂದ ಕಟ್ಟಬೇಕು. ಅರ್ಹರಾಗಿದ್ದರೆ ಅದನ್ನು ಹೂಡುವಳಿ ತೆರಿಗೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್), ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅವರು ಮರಳಿ ಹೊಂದಿಸಿಕೊಳ್ಳಲೂಬಹುದು. ಹೀಗಿರುವಾಗ ಅದನ್ನು ನಿಮ್ಮ ಬಾಡಿಗೆಯಿಂದ ಕಳೆದರೆ ಎರಡು ಕಡೆಯಿಂದಲೂ ಲಾಭ ಪಡೆದಂತಾಗುತ್ತದೆ. ಕರಾರಿನಲ್ಲಿ ಬಾಡಿಗೆಯು ತೆರಿಗೆಯನ್ನು ಒಳಗೊಂಡಿದೆ ಎಂಬ ವಾಕ್ಯ ನುಸುಳಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಇದ್ದರೆ ನಿಮ್ಮ ವಾದ ದುರ್ಬಲವಾಗುತ್ತದೆ, ನವೀಕರಣದ ಸಮಯದಲ್ಲಿ ಅದನ್ನು ತೆಗೆಸಿ. ನಿಮ್ಮ ವಾರ್ಷಿಕ ಬಾಡಿಗೆ 7.20 ಲಕ್ಷವಾದ್ದರಿಂದ, 20 ಲಕ್ಷದ ಮಿತಿಯೊಳಗಿರುವ ನೀವು ಜಿಎಸ್‌ಟಿ ನೋಂದಣಿ ಮಾಡಿಸುವ ಅಗತ್ಯವಿಲ್ಲ.

ಟಿಡಿಎಸ್ ವಿಚಾರದಲ್ಲಿ, 2025ರ ಏಪ್ರಿಲ್‌ನಿಂದ ತಿಂಗಳ ಬಾಡಿಗೆ 50 ಸಾವಿರ ಮೀರಿದರೆ ಕಂಪನಿಯು ಶೇ 10ನ್ನು ಹಿಡಿಯಲೇಬೇಕು. ಆದ್ದರಿಂದ ನಿಮ್ಮ ಖಾತೆಗೆ 54 ಸಾವಿರ ಬರುತ್ತದೆ. ಹಿಡಿದ 6 ಸಾವಿರ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿರುತ್ತದೆ, ಕಳೆದುಹೋಗುವುದಿಲ್ಲ. ಬಾಡಿಗೆ ಆದಾಯದ ಲೆಕ್ಕ ಹೀಗೆ: 7.20 ಲಕ್ಷದಲ್ಲಿ ನೀವು ಆ ವರ್ಷ ಕಟ್ಟಿದ ಆಸ್ತಿ ತೆರಿಗೆ, 20 ಸಾವಿರವೆಂದುಕೊಳ್ಳಿ, ಕಳೆಯಬೇಕು. ಉಳಿದ 7 ಲಕ್ಷದಲ್ಲಿ ಶೇ 30, ಅಂದರೆ 2.10 ಲಕ್ಷವನ್ನು ಕಾನೂನೇ ಬಿಟ್ಟುಕೊಡುತ್ತದೆ. ತೆರಿಗೆಗೆ ಒಳಪಡುವುದು 4.90 ಲಕ್ಷ. ದುರಸ್ತಿ, ಬಣ್ಣ, ಕಾವಲುಗಾರನ ಸಂಬಳ ಎಲ್ಲವೂ ಆ ಶೇ 30ರಲ್ಲಿ ಸೇರಿದವೇ. ರಸೀದಿ ಹಿಡಿದು ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿ ಇರುವುದರಿಂದ, ಬೇರೆ ದೊಡ್ಡ ಆದಾಯವಿಲ್ಲದಿದ್ದರೆ ಹಿಡಿದ ಟಿಡಿಎಸ್ ಪೂರ್ತಿ ಮರಳಿ ಬರುತ್ತದೆ. ಅದಕ್ಕೆ ರಿಟರ್ನ್ ಸಲ್ಲಿಸಬೇಕು, ಅಷ್ಟೇ.

ಪ್ರಶ್ನೆ: ದೇವರಾಜ ಅರಸು ರಸ್ತೆಯ ಸಮೀಪ ನಮ್ಮ ತಂದೆಯವರ ಕಾಲದ ಅಂಗಡಿಯಿದೆ. ಮೂವತ್ತು ವರ್ಷಗಳಿಂದ ಒಬ್ಬರೇ ಬಾಡಿಗೆಗಿದ್ದಾರೆ, ಈಗಲೂ ಕೊಡುವುದು 6 ಸಾವಿರ ಮಾತ್ರ. ಕರಾರು ಪತ್ರ ಎಂದೋ ಮುಗಿದಿದೆ. ಹೆಚ್ಚು ಕೇಳಿದರೆ ನಾವು ಇಷ್ಟು ವರ್ಷ ಇದ್ದೇವೆ, ಅಂಗಡಿ ನಮ್ಮದೇ ಆದ ಹಾಗೆ ಎನ್ನುತ್ತಾರೆ. ಏನು ಮಾಡಬಹುದು? – ಮೈಸೂರು

ಉತ್ತರ: ಹನ್ನೆರಡು ವರ್ಷ ಇದ್ದರೆ ಜಾಗ ಬಾಡಿಗೆದಾರನದ್ದಾಗುತ್ತದೆ ಎಂಬ ಮಾತು ಊರೂರಲ್ಲಿ ಹರಿದಾಡುತ್ತದೆ. ಬಾಡಿಗೆ ಕೊಡುತ್ತ, ನಿಮ್ಮ ತಂದೆಯವರ ಒಪ್ಪಿಗೆಯ ಮೇಲೆ ಒಳಗೆ ಬಂದವರಿಗೆ ಅದು ಅನ್ವಯಿಸುವುದಿಲ್ಲ. ಮೂವತ್ತಾದರೂ ಅರವತ್ತಾದರೂ ಅವರು ಬಾಡಿಗೆದಾರರೇ. ಬಾಡಿಗೆ ಪಡೆದ ರಸೀದಿಗಳು, ಬ್ಯಾಂಕಿನ ಪಾಸ್ ಪುಸ್ತಕ, ನಿಮ್ಮ ಹೆಸರಿನಲ್ಲಿ ಕಟ್ಟಿದ ಕಂದಾಯದ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಮುಂದಿನ ದಾರಿ ಅಂಗಡಿಯ ಅಳತೆಯನ್ನು ಅವಲಂಬಿಸಿದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999, ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದ ತಳಪಾಯ ವಿಸ್ತೀರ್ಣದವುಗಳಿಗೆ ಮಾತ್ರ ಅನ್ವಯಿಸುತ್ತದೆ. ಅದು ಸುಮಾರು 150 ಚದರ ಅಡಿ. ನಿಮ್ಮದು ಹನ್ನೆರಡಡಿ ಅಗಲ, ಹದಿನೈದಡಿ ಆಳದ ಅಂಗಡಿಯಾಗಿದ್ದರೆ 180 ಚದರ ಅಡಿಯಾಗುತ್ತದೆ, ಕಾಯ್ದೆಯ ರಕ್ಷಣೆ ಬಾಡಿಗೆದಾರರಿಗೆ ಸಿಗುವುದಿಲ್ಲ. ಹತ್ತಡಿ, ಹದಿನಾಲ್ಕಡಿಯದಾಗಿದ್ದರೆ ಸಂಗತಿ ಗಡಿಯ ಮೇಲೆ ಬರುತ್ತದೆ, ಏಕೆಂದರೆ ತಳಪಾಯದ ವಿಸ್ತೀರ್ಣದಲ್ಲಿ ಗೋಡೆಯ ದಪ್ಪವೂ ಸೇರುತ್ತದೆ, ಹಳೆಯ ಕಟ್ಟಡಗಳ ಗೋಡೆಗಳೋ ಒಂದೂವರೆ ಅಡಿ ದಪ್ಪ ಇರುತ್ತವೆ. ವಕೀಲರನ್ನು ಕಾಣುವ ಮೊದಲು ಒಬ್ಬ ಎಂಜಿನಿಯರ್ ಅವರಿಂದ ಅಳೆಸಿ, ನಕ್ಷೆ ಬರೆಸಿಕೊಳ್ಳಿ.

ಕಾಯ್ದೆ ಅನ್ವಯಿಸದ ಮಳಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು ಹದಿನೈದು ದಿನಗಳ ನೋಟಿಸ್ ಕೊಟ್ಟು ಕೊನೆಗೊಳಿಸಬಹುದು. ಬಿಡದಿದ್ದರೆ ದಾವೆ ಹೂಡಬಹುದು. ನೋಟಿಸ್ ಕೊಟ್ಟ ಮೇಲೆ ಹಿಂದಿನಂತೆಯೇ ಬಾಡಿಗೆ ತೆಗೆದುಕೊಂಡು ಸುಮ್ಮನಿದ್ದರೆ ನೋಟಿಸನ್ನು ನೀವೇ ಕೈಬಿಟ್ಟಿರಿ ಎಂದು ಅವರು ವಾದಿಸುತ್ತಾರೆ. ಆದ್ದರಿಂದ ಆ ನಂತರದ ಹಣವನ್ನು ಹೇಗೆ, ಯಾವ ಷರತ್ತಿನ ಮೇಲೆ ಪಡೆಯಬೇಕೆಂದು ವಕೀಲರ ಸಲಹೆಯಂತೆ ನಡೆಯಿರಿ.

ಕಾನೂನು ಹೀಗಿದ್ದರೂ, ದಾವೆಗೆ ಹೋಗುವ ಮುನ್ನ ಒಂದು ಬಾರಿ ಕೂತು ಮಾತಾಡಿ ಎಂದೇ ಹೇಳುತ್ತೇನೆ. ಮೊಕದ್ದಮೆ ವರ್ಷಗಟ್ಟಲೆ ಎಳೆದರೆ ಅಷ್ಟು ದಿನ ನಿಮಗೆ ಸಿಗುವುದು ಅದೇ 6 ಸಾವಿರ. ಅವರಿಗೂ ಆ ಜಾಗದಲ್ಲಿ ಗಿರಾಕಿಗಳ ಬಳಗವಿದೆ, ಬಿಟ್ಟುಹೋಗಲು ಮನಸ್ಸಿರುವುದಿಲ್ಲ. ಅಕ್ಕಪಕ್ಕದ ಮಳಿಗೆಗಳ ಈಗಿನ ಬಾಡಿಗೆಯನ್ನು ಮುಂದಿಟ್ಟು, ಎರಡು ಮೂರು ವರ್ಷಗಳಲ್ಲಿ ಅದರ ಹತ್ತಿರಕ್ಕೆ ಏರುವಂತೆ ಹೊಸ ಕರಾರು ಮಾಡಿಕೊಳ್ಳಬಹುದು. ಒಂದು ವರ್ಷ ಮೀರಿದ ಅವಧಿಯ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಹಾಗೆ ಮಾಡದ ಐದು ವರ್ಷದ ಕರಾರು ನ್ಯಾಯಾಲಯದಲ್ಲಿ ತಿಂಗಳ ಬಾಡಿಗೆಯ ಮಟ್ಟಕ್ಕೆ ಇಳಿಯುತ್ತದೆ. ಹನ್ನೊಂದು ತಿಂಗಳ ಕರಾರು ಎಲ್ಲೆಡೆ ಚಾಲ್ತಿಗೆ ಬಂದದ್ದು ಈ ನೋಂದಣಿಯ ಖರ್ಚನ್ನು ತಪ್ಪಿಸಲೆಂದೇ.

ಪ್ರಶ್ನೆ: ಬೆಂಗಳೂರಿನಲ್ಲಿ ಬಿ ಖಾತೆಯ (ನಿಯಮಬದ್ಧವಲ್ಲದ ಆಸ್ತಿಗಳಿಗೆ ತೆರಿಗೆಗಾಗಿ ಇಟ್ಟ ಪ್ರತ್ಯೇಕ ದಾಖಲೆಯ) ಕಟ್ಟಡದ ನೆಲಮಹಡಿಯ ಮಳಿಗೆ ಮಾರುಕಟ್ಟೆಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತಿದೆ. ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ (ಬಳಕೆಗೆ ಯೋಗ್ಯವೆಂದು ಸ್ಥಳೀಯ ಆಡಳಿತ ಕೊಡುವ ಪತ್ರ) ಇಲ್ಲ. ತೆಗೆದುಕೊಳ್ಳಬಹುದೇ? – ತುಮಕೂರು

ಉತ್ತರ: ಬೇಡ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ, ಪೂರ್ಣತಾ ಅಥವಾ ಸ್ವಾಧೀನಾನುಭವ ಪತ್ರ ಇದ್ದರೆ ಮಾತ್ರ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳು ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು ಹೇಳಿದೆ. ಒಳ್ಳೆಯ ಬಾಡಿಗೆದಾರರು, ಅದರಲ್ಲಿಯೂ ಬ್ಯಾಂಕ್, ಔಷಧ ಮಳಿಗೆ, ದೊಡ್ಡ ಕಂಪನಿಗಳು ಮೊದಲು ಕೇಳುವುದೇ ಈ ಪತ್ರವನ್ನು. ಬೆಲೆ ಕಡಿಮೆ ಇರುವುದೂ ಅದಕ್ಕೇ. ನಾಳೆ ನೀವು ಮಾರುವಾಗಲೂ ಅಷ್ಟೇ ಕಡಿಮೆಗೆ ಮಾರಬೇಕಾಗುತ್ತದೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ಉಳಿತಾಯ 5 ಲಕ್ಷ ಮಾತ್ರ. ಇಷ್ಟು ಹಣದಲ್ಲಿ ಕಚೇರಿ ಕಟ್ಟಡದಲ್ಲಿ ಪಾಲು ಪಡೆಯಬಹುದು ಎಂದು ಜಾಹೀರಾತುಗಳಲ್ಲಿ ನೋಡುತ್ತೇನೆ. ರೀಟ್ ಎಂದರೆ ಇದೇಯೇ? ನಂಬಬಹುದೇ? – ಬೆಂಗಳೂರು

ಉತ್ತರ: ರೀಟ್ ಎಂದರೆ ಹಲವರ ಹಣವನ್ನು ಒಟ್ಟುಗೂಡಿಸಿ ಬಾಡಿಗೆ ತರುವ ಕಟ್ಟಡಗಳನ್ನು ಹೊಂದಿ, ಬಂದ ಆದಾಯವನ್ನು ಅವರಿಗೆ ಹಂಚುವ ಟ್ರಸ್ಟ್. ಷೇರುಪೇಟೆಯಲ್ಲಿ ನೋಂದಾಯಿತವಾದ ರೀಟ್ ಬೇರೆ, ಜಾಲತಾಣಗಳ ಮೂಲಕ ಹತ್ತಾರು ಜನ ಸೇರಿ ಒಂದು ಕಟ್ಟಡದ ಪಾಲು ಕೊಳ್ಳುವ ಏರ್ಪಾಡು ಬೇರೆ. ಎರಡನೆಯದಕ್ಕೆ ಬಹುಕಾಲ ಹೇಳುವವರು ಕೇಳುವವರು ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಅದಕ್ಕೆ ಸಣ್ಣ ಮತ್ತು ಮಧ್ಯಮ ರೀಟ್ ಎಂಬ ಚೌಕಟ್ಟು ಹಾಕಿತು: ಆಸ್ತಿಯ ಮೌಲ್ಯ 50 ಕೋಟಿಯಿಂದ 500 ಕೋಟಿಯೊಳಗೆ, ಕನಿಷ್ಠ 200 ಹೂಡಿಕೆದಾರರು, ಒಬ್ಬರ ಕನಿಷ್ಠ ಹೂಡಿಕೆ 10 ಲಕ್ಷ. ಮೊದಲು ಬಂದ ಪ್ರಾಪ್‌ಶೇರ್ ಪ್ಲಾಟಿನಾ ಯೋಜನೆಯ ಆಸ್ತಿ ನಿಮ್ಮೂರಿನ ಹೊರ ವರ್ತುಲ ರಸ್ತೆಯ ಕಚೇರಿ ಕಟ್ಟಡವೇ. ನಿಮ್ಮ 5 ಲಕ್ಷಕ್ಕೆ ಅದು ಎಟುಕುವುದಿಲ್ಲ, ಎಟುಕಿದರೂ ಇರುವ ಎಲ್ಲ ಹಣವನ್ನು ಒಂದೇ ಕಟ್ಟಡದಲ್ಲಿ ಇಡುವುದನ್ನು ನಾನು ಒಪ್ಪುತ್ತಿರಲಿಲ್ಲ. 10 ಲಕ್ಷಕ್ಕಿಂತ ಕಡಿಮೆ ಹಣಕ್ಕೆ ಕಟ್ಟಡದ ಪಾಲು ಕೊಡುತ್ತೇವೆ ಎನ್ನುವವರಿದ್ದರೆ ಸೆಬಿ ನೋಂದಣಿ ಎಲ್ಲಿದೆ ಎಂದು ಮೊದಲು ಕೇಳಿ.

ದೊಡ್ಡ ರೀಟ್‌ಗಳ ಯೂನಿಟ್‌ಗಳನ್ನು ಡಿಮ್ಯಾಟ್ ಖಾತೆಯ ಮೂಲಕ ಒಂದೊಂದಾಗಿಯೂ ಕೊಳ್ಳಬಹುದು. 2019ರ ಏಪ್ರಿಲ್‌ನಲ್ಲಿ ದೇಶದ ಮೊದಲ ರೀಟ್ ಆಗಿ ಎಂಬಸಿ ಆಫೀಸ್ ಪಾರ್ಕ್ಸ್ ಷೇರುಪೇಟೆಗೆ ಬಂತು. ನಾಗವಾರದ ಮಾನ್ಯತಾ ಪಾರ್ಕ್ ಅದರದ್ದು. ಬಳಿಕ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್ ಬಂದವು. 2023ರಲ್ಲಿ ಬಂದ ನೆಕ್ಸಸ್ ಮಾಲ್‌ಗಳ ರೀಟ್, ಅದರ ಆಸ್ತಿಗಳಲ್ಲಿ ಕೋರಮಂಗಲದ್ದೂ ಮೈಸೂರು, ಮಂಗಳೂರಿನ ಮಾಲ್‌ಗಳೂ ಇವೆ. 2025ರ ಆಗಸ್ಟ್‌ನಲ್ಲಿ ನಾಲೆಜ್ ರಿಯಾಲ್ಟಿ ಸೇರಿಕೊಂಡಿತು. ನಿಯಮದ ಪ್ರಕಾರ ಇವುಗಳ ಆಸ್ತಿಯಲ್ಲಿ ಕನಿಷ್ಠ ಶೇ 80 ಕಟ್ಟಿ ಮುಗಿದು ಬಾಡಿಗೆ ತರುತ್ತಿರಬೇಕು, ಹಂಚಬಹುದಾದ ನಗದಿನ ಶೇ 90ನ್ನು ಯೂನಿಟ್‌ದಾರರಿಗೆ ಹಂಚಬೇಕು. ಮೇಲೆ ಶಿವಮೊಗ್ಗದ ದಂಪತಿಗೆ ಎದುರಾದ ಕಟ್ಟಡ ಮುಗಿಯುತ್ತದೆಯೋ ಇಲ್ಲವೋ ಎಂಬ ಚಿಂತೆ ಇಲ್ಲಿ ಬಹುಮಟ್ಟಿಗೆ ಇಲ್ಲ.

ಹಾಗೆಂದು ಇದು ಬ್ಯಾಂಕ್ ಠೇವಣಿಯಲ್ಲ. ಯೂನಿಟ್ ಬೆಲೆ ಷೇರಿನಂತೆ ಏರಿಳಿಯುತ್ತದೆ. 2020ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡಲು ಶುರುವಿಟ್ಟಾಗ ಕಚೇರಿ ಕಟ್ಟಡಗಳಿಗೆ ಏನಾಯಿತೆಂದು ನಿಮ್ಮ ಕಂಪನಿಯ ಖಾಲಿ ಮಹಡಿಗಳನ್ನು ಕಂಡ ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ತ್ರೈಮಾಸಿಕ ವರದಿಯಲ್ಲಿ ಎಷ್ಟು ಜಾಗ ಭರ್ತಿಯಾಗಿದೆ, ಬಾಡಿಗೆ ಕರಾರುಗಳು ಸರಾಸರಿ ಇನ್ನೆಷ್ಟು ವರ್ಷ ಉಳಿದಿವೆ, ಮೊದಲ ಹತ್ತು ಬಾಡಿಗೆದಾರರು ಯಾವ ಉದ್ಯಮದವರು, ಸಾಲ ಎಷ್ಟಿದೆ ಎಂಬ ನಾಲ್ಕು ಅಂಶಗಳನ್ನು ಓದಿ. ನೀವು ದುಡಿಯುವುದೂ ಐಟಿಯಲ್ಲಿ, ರೀಟ್‌ನ ಬಾಡಿಗೆದಾರರೂ ಐಟಿಯವರೇ; ಆ ಉದ್ಯಮಕ್ಕೆ ಪೆಟ್ಟು ಬಿದ್ದರೆ ಸಂಬಳ, ಹೂಡಿಕೆ ಎರಡಕ್ಕೂ ಒಟ್ಟಿಗೆ ತಾಗುತ್ತದೆ. 5 ಲಕ್ಷದಲ್ಲಿ ಒಂದು ಲಕ್ಷದಷ್ಟನ್ನು, ಅದೂ ಕಚೇರಿ ಮತ್ತು ಮಾಲ್ ಎರಡೂ ಬಗೆಯ ರೀಟ್‌ಗಳಲ್ಲಿ ಹಂಚಿ ಹಾಕಿದರೆ ಸಾಕು. ಬರುವ ಹಣದಲ್ಲಿ ಬಡ್ಡಿ, ಲಾಭಾಂಶ, ಸಾಲ ಮರುಪಾವತಿ ಎಂಬ ಬೇರೆಬೇರೆ ಅಂಶಗಳಿದ್ದು ಒಂದೊಂದಕ್ಕೂ ತೆರಿಗೆ ಬೇರೆಯಾಗಿರುವುದರಿಂದ ರೀಟ್ ಕಳಿಸುವ ವಿವರ ಪಟ್ಟಿಯನ್ನು ರಿಟರ್ನ್ ಸಲ್ಲಿಸುವ ತನಕ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ಮಂಗಳೂರಿನಲ್ಲಿ ಕಚೇರಿ ಜಾಗ ಕೊಂಡು ಬಾಡಿಗೆಗೆ ಕೊಡಬೇಕೆಂದಿದ್ದೇನೆ, ಜೊತೆಗೆ ಹೆದ್ದಾರಿ ಬದಿಯ ಅಡಿಕೆ ತೋಟವೊಂದನ್ನೂ ತೆಗೆದುಕೊಳ್ಳಲು ಭಾವ ಒತ್ತಾಯಿಸುತ್ತಿದ್ದಾರೆ, ಮುಂದೆ ಅಲ್ಲಿ ಗೋದಾಮು ಕಟ್ಟಬಹುದಂತೆ. ನೋಂದಣಿಗೆ ಊರಿಗೆ ಬರಲಾಗದು, ಭಾವನ ಹೆಸರಿಗೆ ಅಧಿಕಾರ ಪತ್ರ ಕೊಡಬಹುದೇ? – ಉಡುಪಿ ಮೂಲದ ಓದುಗರು

ಉತ್ತರ: ಕಚೇರಿ ಜಾಗಕ್ಕೆ ಅಡ್ಡಿಯಿಲ್ಲ. ಅನಿವಾಸಿ ಭಾರತೀಯರು ವಸತಿ ಮತ್ತು ವಾಣಿಜ್ಯ ಆಸ್ತಿಯನ್ನು ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆಯೇ ಕೊಳ್ಳಬಹುದು. ಹಣ ಮಾತ್ರ ಬ್ಯಾಂಕಿನ ಮೂಲಕ, ವಿದೇಶದಿಂದ ನೇರ ರವಾನೆಯಾಗಿಯೋ ನಿಮ್ಮ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯಿಂದಲೋ ಹೋಗಬೇಕು. ಕೃಷಿ ಜಮೀನು, ತೋಟ, ಫಾರ್ಮ್ ಹೌಸ್‌ಗಳನ್ನು ಅನಿವಾಸಿಗಳು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಪಡೆಯಬಹುದು. ಮುಂದೆ ಪರಿವರ್ತನೆ ಮಾಡಿಸೋಣ ಎಂಬ ಭರವಸೆಯ ಮೇಲೆ ಅಡಿಕೆ ತೋಟ ಕೊಳ್ಳುವುದೂ ಈ ನಿಷೇಧದ ಉಲ್ಲಂಘನೆಯೇ. ಈಗಿನ ಮಾಲೀಕರೇ ಭೂಪರಿವರ್ತನೆ ಮಾಡಿಸಿ ಆದೇಶದ ಪ್ರತಿ ಕೈಗೆ ಕೊಟ್ಟ ಮೇಲೆ ಮಾತ್ರ ಆ ಮಾತು. ಭಾವನ ಹೆಸರಿನಲ್ಲಿ ಕೊಂಡು ಹಣ ನೀವು ಹಾಕುವ ಸಲಹೆಯೂ ಮುಂದೆ ಬಂದೀತು. ಅದು ಬೇನಾಮಿ ವ್ಯವಹಾರವಾಗುತ್ತದೆ.

ಅಧಿಕಾರ ಪತ್ರವನ್ನು ಆ ಒಂದು ಆಸ್ತಿಯ ಖರೀದಿಗೆ ಸೀಮಿತಗೊಳಿಸಿ, ಮಸ್ಕತ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳುಹಿಸಬಹುದು. ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಾರುವ, ಅಡಮಾನ ಇಡುವ ಅಧಿಕಾರವನ್ನು ಅದರಲ್ಲಿ ಸೇರಿಸಬೇಡಿ. ಭಾವನ ಮೇಲೆ ಅಪನಂಬಿಕೆಯಿಂದ ಹೇಳುತ್ತಿಲ್ಲ. ಅಂಥ ಅಧಿಕಾರವಿರುವ ಪತ್ರ ಇನ್ನೊಬ್ಬರ ಕೈಗೆ ಸಿಕ್ಕರೂ ತೊಂದರೆಯೇ. ಬಾಡಿಗೆ ಬರಲಾರಂಭಿಸಿದ ಮೇಲೆ, ಅನಿವಾಸಿಗೆ ಕೊಡುವ ಬಾಡಿಗೆಯಲ್ಲಿ ಬಾಡಿಗೆದಾರರು ಸೆಸ್ ಸೇರಿ ಶೇ 31.2ರಷ್ಟು ಟಿಡಿಎಸ್ ಹಿಡಿಯಬೇಕು, ಇದಕ್ಕೆ 50 ಸಾವಿರದ ಮಿತಿ ಇಲ್ಲ. ಸಣ್ಣ ಬಾಡಿಗೆದಾರರಿಗೆ ಇದು ತಿಳಿದಿರುವುದಿಲ್ಲ, ತಿಳಿದಾಗ ಗಾಬರಿಯಾಗುತ್ತಾರೆ. ಕರಾರಿಗೆ ಸಹಿ ಹಾಕುವ ಮೊದಲೇ ಹೇಳಿಬಿಡಿ, ಮತ್ತು ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಲು ಅರ್ಜಿ ಹಾಕಿ.

ಪ್ರಶ್ನೆ: 2004–05ರಲ್ಲಿ 6 ಲಕ್ಷಕ್ಕೆ ಕೊಂಡ ಮಳಿಗೆಯನ್ನು 2025–26ರಲ್ಲಿ 60 ಲಕ್ಷಕ್ಕೆ ಮಾರಿದೆ. ತೆರಿಗೆ ಎಷ್ಟಾಗುತ್ತದೆ, ಉಳಿಸುವ ದಾರಿ ಇದೆಯೇ? – ಹಾಸನ

ಉತ್ತರ: ನಿಮಗೆ ಎರಡು ಲೆಕ್ಕಗಳಲ್ಲಿ ಕಡಿಮೆಯಾದುದನ್ನು ಆರಿಸಿಕೊಳ್ಳುವ ಅವಕಾಶವಿದೆ, ಏಕೆಂದರೆ ಮಳಿಗೆಯನ್ನು 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದೀರಿ. ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಲಾಭ 54 ಲಕ್ಷ, ಅದಕ್ಕೆ ಶೇ 12.5 ಎಂದರೆ 6.75 ಲಕ್ಷ. ಹಳೆಯ ಪದ್ಧತಿಯಲ್ಲಿ ಕೊಂಡ ವರ್ಷದ ಹಣದುಬ್ಬರ ಸೂಚ್ಯಂಕ 113, ಮಾರಿದ ವರ್ಷದ್ದು 376. ಅದರಂತೆ ನಿಮ್ಮ 6 ಲಕ್ಷ ಸುಮಾರು 19.96 ಲಕ್ಷವಾಗುತ್ತದೆ, ಲಾಭ 40.04 ಲಕ್ಷ, ಶೇ 20ರಂತೆ ತೆರಿಗೆ ಸುಮಾರು 8 ಲಕ್ಷ. ಹಳೆಯ ಪದ್ಧತಿಯೇ ಲೇಸು ಎಂದು ಬಹಳ ಜನ ಭಾವಿಸಿದ್ದಾರೆ. ನಿಮ್ಮಂತೆ ಬೆಲೆ ಹತ್ತು ಪಟ್ಟು ಏರಿದವರಿಗೆ ಹೊಸದೇ ಲಾಭ. ಎರಡಕ್ಕೂ ಶೇ 4ರ ಸೆಸ್ ಸೇರುತ್ತದೆ.

ಆದರೆ ಈ ಲೆಕ್ಕವೆಲ್ಲ ಮಳಿಗೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಮಾತ್ರ. ಅಲ್ಲಿ ನಿಮ್ಮದೇ ವ್ಯಾಪಾರ ನಡೆಸಿ, ಲೆಕ್ಕಪತ್ರದಲ್ಲಿ ಕಟ್ಟಡದ ಸವಕಳಿ ತೋರಿಸಿದ್ದರೆ ಲಾಭವನ್ನು ಲೆಕ್ಕ ಹಾಕುವ ಕ್ರಮವೇ ಬೇರೆ. ಹಳೆಯ ರಿಟರ್ನ್‌ಗಳನ್ನು ಹಿಡಿದುಕೊಂಡು ಲೆಕ್ಕ ಪರಿಶೋಧಕರ ಬಳಿ ಹೋಗಿ.

ಉಳಿಸುವ ದಾರಿ ಎರಡು. ಮಾರಿದ ಆರು ತಿಂಗಳೊಳಗೆ ಸರ್ಕಾರಿ ಸಂಸ್ಥೆಗಳ ನಿಗದಿತ ಬಾಂಡ್‌ಗಳಲ್ಲಿ ಲಾಭದ ಹಣವನ್ನು 50 ಲಕ್ಷದವರೆಗೆ ಇಡಬಹುದು. ಐದು ವರ್ಷ ತೆಗೆಯುವಂತಿಲ್ಲ. ಇಲ್ಲವೇ ವಾಸದ ಮನೆ ಕೊಳ್ಳಬಹುದು ಅಥವಾ ಕಟ್ಟಬಹುದು. ಮಳಿಗೆ ಮಾರಿ ಮನೆ ಕೊಳ್ಳುವಾಗ ಲಾಭವನ್ನಷ್ಟೇ ಅಲ್ಲ, ಮಾರಿ ಬಂದ ಪೂರ್ತಿ ಹಣವನ್ನು ಹಾಕಿದರೆ ಮಾತ್ರ ಪೂರ್ತಿ ವಿನಾಯಿತಿ. 60 ಲಕ್ಷದಲ್ಲಿ 30 ಲಕ್ಷದ ಮನೆ ಕೊಂಡರೆ ಅರ್ಧ ಲಾಭಕ್ಕೆ ತೆರಿಗೆ ಉಳಿಯುತ್ತದೆ. ಮಾರಿದ ದಿನ ನಿಮ್ಮ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಿದ್ದರೆ ಈ ವಿನಾಯಿತಿ ಸಿಗದು. ಬೆಲೆ 50 ಲಕ್ಷ ಮುಟ್ಟಿದ್ದರಿಂದ ಕೊಂಡವರು ಶೇ 1ರಂತೆ 60 ಸಾವಿರ ಟಿಡಿಎಸ್ ಹಿಡಿದಿರಬೇಕು. ಅದು ನಿಮ್ಮ ತೆರಿಗೆ ಖಾತೆಯಲ್ಲಿ ಕಾಣದಿದ್ದರೆ ಈಗಲೇ ಅವರನ್ನು ಕೇಳಿ ಕಟ್ಟಿಸಿ, ರಿಟರ್ನ್ ಸಲ್ಲಿಸುವ ಹೊತ್ತಿಗೆ ಅವರನ್ನು ಹುಡುಕುವುದು ಕಷ್ಟ.